ರಿಪೋರ್ಟಿನಲ್ಲಿ 'ಪಾಸಿಟಿವ್' ಅಂದರೇನು? ಮಿದುಳಿನ ಗಡ್ಡೆ ಮತ್ತು ಪ್ರೊಟೀನ್ ಗುರುತುಗಳು



ಕೆಲವು ತಿಂಗಳ ಹಿಂದೆ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಸಂಘದ ಸದಸ್ಯರೊಬ್ಬರಿಂದ ಫೋನ್ ಬಂತು. ದಾವಣಗೆರೆಯಲ್ಲಿರುವ ಅವರ ಅಣ್ಣನಿಗೆ 42 ವರ್ಷ. ಇದ್ದಕ್ಕಿದ್ದಂತೆ ಫಿಟ್ಸ್ ಬಂದು, ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಮುಂಭಾಗದಲ್ಲಿ ಗಡ್ಡೆ ಕಂಡು, ಬೆಂಗಳೂರಿನಲ್ಲಿ ಆಪರೇಷನ್ ಆಗಿತ್ತು. ಪೆಥಾಲಜಿ ರಿಪೋರ್ಟನ್ನು ಅತ್ತಿಗೆ ಫೋಟೋ ತೆಗೆದು ಕಳಿಸಿದ್ದರು.

"ಡಾಕ್ಟ್ರೇ, ಇದರಲ್ಲಿ ಮೂರು ಕಡೆ ಪಾಸಿಟಿವ್ ಅಂತ ಬರೆದಿದೆ. ಅಂದ್ರೆ ಮೂರು ಥರದ ಕ್ಯಾನ್ಸರ್ ಇದೆ ಅಂತಾನಾ? ಊರಲ್ಲಿ ಯಾರೋ 'ಇನ್ನು ಆರು ತಿಂಗಳು' ಅಂದುಬಿಟ್ಟಿದಾರಂತೆ. ಅತ್ತಿಗೆ ಊಟ ಬಿಟ್ಟು ಕೂತಿದಾರೆ."

ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಪೆಥಾಲಜಿಸ್ಟ್. ರೋಗಿಯ ಮುಖ ನೋಡದೆ, ಅವರ ದೇಹದ ತುಣುಕನ್ನು ಮಾತ್ರ ನೋಡುವ ಕೆಲಸ ನಮ್ಮದು. ಅಂದು ಫೋನಿನಲ್ಲಿ ಹೇಳಿದ್ದನ್ನೇ, ಆ ಕುಟುಂಬದ ಒಪ್ಪಿಗೆ ಪಡೆದು, ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಷ್ಟೋ ಜನರಿಗೆ ಊರಿನಿಂದ ಇಂಥ ರಿಪೋರ್ಟುಗಳು ಬರುತ್ತಲೇ ಇರುತ್ತವೆ.

ಉಡುಪು ಒಂದೇ, ಮಾತು ಬೇರೆ

ನಮ್ಮ ರಾಜ್ಯೋತ್ಸವದ ಊಟದ ಸಾಲನ್ನು ನೆನಪಿಸಿಕೊಳ್ಳಿ. ಎಲ್ಲರೂ ಒಂದೇ ಥರ ರೇಷ್ಮೆ ಸೀರೆ, ಜುಬ್ಬಾ ತೊಟ್ಟು ನಿಂತಿರುತ್ತಾರೆ. ನೋಡಿದರೆ ಯಾರು ಯಾವ ಊರಿನವರು ಎಂದು ಹೇಳಲಾಗದು. ಆದರೆ ಒಬ್ಬರು "ಏನ್ರೀ, ಆರಾಮ ಇದ್ದೀರೇನ್ರಿ" ಅಂದರೆ ಧಾರವಾಡದ ಕಡೆಯವರು, ಇನ್ನೊಬ್ಬರು "ಎಂತ ಮಾರಾಯ್ರೆ" ಅಂದರೆ ಮಂಗಳೂರಿನ ಕಡೆಯವರು ಎಂದು ತಕ್ಷಣ ತಿಳಿಯುತ್ತದೆ.

ಗಡ್ಡೆಯ ಜೀವಕೋಶಗಳೂ ಹಾಗೆಯೇ. ಮೈಕ್ರೋಸ್ಕೋಪಿನಲ್ಲಿ ಬೇರೆ ಬೇರೆ ಗಡ್ಡೆಗಳು ಒಂದೇ ಥರ ಕಾಣಬಹುದು. ಮಿದುಳಿನಲ್ಲೇ ಹುಟ್ಟಿದ್ದೋ, ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿದ್ದೋ ಎಂಬುದೇ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಆದರೆ ಪ್ರತಿಯೊಂದು ಜಾತಿಯ ಜೀವಕೋಶವೂ ತನ್ನದೇ ಆದ ಕೆಲವು ಪ್ರೊಟೀನುಗಳನ್ನು ತಯಾರಿಸುತ್ತದೆ. ಗಡ್ಡೆಯಾದ ಮೇಲೂ ಆ ಅಭ್ಯಾಸ ಸಾಮಾನ್ಯವಾಗಿ ಪೂರ್ತಿ ಬಿಟ್ಟುಹೋಗುವುದಿಲ್ಲ. ಆ ಪ್ರೊಟೀನುಗಳನ್ನೇ ನಾವು 'ಮಾರ್ಕರ್' ಎನ್ನುತ್ತೇವೆ.

ಕಂದು ಬಣ್ಣ ಬಂದರೆ ಪಾಸಿಟಿವ್

ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ಫಾರ್ಮಲಿನ್ನಿನಲ್ಲಿಟ್ಟು, ನಂತರ ಮೇಣದಲ್ಲಿ ಹುದುಗಿಸಿ ಒಂದು ಸಣ್ಣ ಬ್ಲಾಕ್ ಮಾಡುತ್ತಾರೆ. ಅದರಿಂದ ಸುಮಾರು 4 ಮೈಕ್ರಾನ್ ದಪ್ಪದ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳ್ಳಗಿನ ಪದರಗಳನ್ನು ಕತ್ತರಿಸಿ ಗಾಜಿನ ಮೇಲೆ ಹರಡುತ್ತಾರೆ. ಅದರ ಮೇಲೆ ಆಂಟಿಬಾಡಿ ಹಾಕುತ್ತಾರೆ. ಒಂದು ಆಂಟಿಬಾಡಿ ತನಗೆ ಗೊತ್ತಿರುವ ಪ್ರೊಟೀನನ್ನು ಹುಡುಕಿ ಅದಕ್ಕೆ ಮಾತ್ರ ಅಂಟಿಕೊಳ್ಳುವಂಥದು. ಅಂಟಿಕೊಂಡ ಜಾಗದಲ್ಲಿ ಕಂದು ಬಣ್ಣ ಬರುವಂತೆ ಮಾಡಿರುತ್ತಾರೆ, ಉಳಿದ ಜೀವಕೋಶಗಳ ಕೇಂದ್ರಗಳು ನೀಲಿಯಾಗಿ ಕಾಣುತ್ತವೆ.

ಕಂದು ಬಣ್ಣ ಬಂದರೆ 'ಪಾಸಿಟಿವ್', ಬಾರದಿದ್ದರೆ 'ನೆಗೆಟಿವ್'. ಅಷ್ಟೇ! ಪಾಸಿಟಿವ್ ಎಂದರೆ ಆ ಪ್ರೊಟೀನ್ ಇದೆ ಎಂದು ಅರ್ಥವೇ ಹೊರತು, ಕೆಟ್ಟ ಸುದ್ದಿ ಎಂದಲ್ಲ. ಕೆಲವೊಮ್ಮೆ ಪಾಸಿಟಿವ್ ಎನ್ನುವುದೇ ಒಳ್ಳೆಯ ಸುದ್ದಿ.

ಅಣ್ಣನ ರಿಪೋರ್ಟು, ಒಂದೊಂದೇ ಸಾಲು

*ಜಿಎಫ್‌ಎಪಿ: ಪಾಸಿಟಿವ್.* ಮಿದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿ ನಿಲ್ಲುವ ಗ್ಲಿಯಾ ಎಂಬ ಜೀವಕೋಶಗಳಿವೆ. ದೊಡ್ಡವರಲ್ಲಿ ಮಿದುಳಿನೊಳಗೇ ಹುಟ್ಟುವ ಗಡ್ಡೆಗಳಲ್ಲಿ ಹೆಚ್ಚಿನವು ಇವುಗಳಿಂದಲೇ. ಜಿಎಫ್‌ಎಪಿ ಅವುಗಳ ಒಳಗಿನ ಎಳೆಯಂಥ ಪ್ರೊಟೀನ್. ಇದನ್ನು ಗುರುತಿಸಿದವರು ಅಮೆರಿಕದ ಲಾರೆನ್ಸ್ ಎಂಗ್ ಮತ್ತು ಸಂಗಡಿಗರು. 1971ರಲ್ಲಿ ಅದರ ಬಗ್ಗೆ ಪ್ರಕಟಿಸಿದಾಗ ಅವರು ನೋಡುತ್ತಿದ್ದದ್ದು ಗಡ್ಡೆಯನ್ನಲ್ಲ, ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಿಗಳ ಮಿದುಳಿನಲ್ಲಿ ಗಡುಸಾಗಿದ್ದ ಕಲೆಗಳನ್ನು. ಈ ಸಾಲಿನಿಂದ ತಿಳಿಯುವುದು: ಗಡ್ಡೆ ಗ್ಲಿಯಾ ಮನೆತನದ್ದು, ಬೇರೆ ಅಂಗದಿಂದ ಬಂದದ್ದಲ್ಲ.

*ಐಡಿಎಚ್1 ಆರ್132ಎಚ್: ಪಾಸಿಟಿವ್.* ಇಡೀ ರಿಪೋರ್ಟಿನಲ್ಲಿ ಅತಿ ಮುಖ್ಯವಾದ ಸಾಲು ಇದು. ಐಡಿಎಚ್1 ಎಂಬ ಪ್ರೊಟೀನಿನಲ್ಲಿ 132ನೇ ಸ್ಥಾನದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಹಿಸ್ಟಿಡೀನ್ ಬಂದು ಕೂತಿದೆ. ಒಂದೇ ಒಂದು ಅಕ್ಷರ ತಪ್ಪಾದ ಹಾಗೆ. ಕೆಲವು ಮಿದುಳಿನ ಗಡ್ಡೆಗಳಲ್ಲಿ ಇಂಥ ಬದಲಾವಣೆ ಇದೆ ಎಂದು 2008ರಲ್ಲಿ ತಿಳಿಯಿತು. ಮರುವರ್ಷವೇ ಜರ್ಮನಿಯ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಆ ತಪ್ಪಕ್ಷರವನ್ನು ಮಾತ್ರ ಗುರುತಿಸುವ ಆಂಟಿಬಾಡಿ ಸಿದ್ಧಪಡಿಸಿದರು.

ಇದರಿಂದ ಏನು ವ್ಯತ್ಯಾಸ? ದೊಡ್ಡವರ ಮಿದುಳಿನ ಗಡ್ಡೆಗಳಲ್ಲಿ ಎಲ್ಲರೂ ಹೆದರುವುದು ಗ್ಲಿಯೋಬ್ಲಾಸ್ಟೋಮಾಕ್ಕೆ. ಪೂರ್ಣ ಚಿಕಿತ್ಸೆ ಕೊಟ್ಟರೂ ಅದರಲ್ಲಿ ಸರಾಸರಿ ಬದುಕು ಹದಿನೈದು ತಿಂಗಳ ಆಸುಪಾಸು. ಐಡಿಎಚ್ ಬದಲಾಗಿರುವ ಗಡ್ಡೆಗಳು ಬೇರೆಯೇ ಗುಂಪು. ಅವುಗಳಲ್ಲಿ ಕೆಳ ದರ್ಜೆಯವಾದರೆ ಎಷ್ಟೋ ಜನ ಹತ್ತು ವರ್ಷಕ್ಕೂ ಮೀರಿ ಬಾಳುತ್ತಾರೆ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಐಡಿಎಚ್ ಬದಲಾಗಿದ್ದರೆ ಆ ಗಡ್ಡೆಯನ್ನು ಗ್ಲಿಯೋಬ್ಲಾಸ್ಟೋಮಾ ಎಂದು ಕರೆಯುವಂತೆಯೇ ಇಲ್ಲ.

*ಎಟಿಆರ್‌ಎಕ್ಸ್: ಲಾಸ್ಟ್.* ಇಲ್ಲಿ ಪ್ರೊಟೀನ್ ಕಾಣೆಯಾಗಿರುವುದೇ ಸುಳಿವು. ಗಡ್ಡೆಯ ಜೀವಕೋಶಗಳಲ್ಲಿ ಬಣ್ಣವಿಲ್ಲ, ಪಕ್ಕದ ರಕ್ತನಾಳದ ಜೀವಕೋಶಗಳಲ್ಲಿ ಇದೆ. ಹಾಗಾದರೆ ಪರೀಕ್ಷೆ ಸರಿಯಾಗಿ ನಡೆದಿದೆ, ಗಡ್ಡೆಯಲ್ಲೇ ಪ್ರೊಟೀನ್ ಇಲ್ಲ ಎಂದಾಯಿತು. ಐಡಿಎಚ್ ಪಾಸಿಟಿವ್ ಜೊತೆಗೆ ಇದು ಸೇರಿದರೆ ಆಸ್ಟ್ರೋಸೈಟೋಮಾ. *ಪಿ53: ಪಾಸಿಟಿವ್* ಎಂಬ ಮೂರನೆಯ ಪಾಸಿಟಿವ್ ಕೂಡ ಅದನ್ನೇ ಬೆಂಬಲಿಸುತ್ತದೆ.

*ಕಿ-67: ಶೇ. 4.* ಎಷ್ಟು ಜೀವಕೋಶಗಳು ವಿಭಜನೆಯ ಹಾದಿಯಲ್ಲಿವೆ ಎಂಬ ಅಂದಾಜು. ಈ ವಿಚಿತ್ರ ಹೆಸರು ಬಂದದ್ದು ಜರ್ಮನಿಯ ಕೀಲ್ ಊರಿನಿಂದ. ಅಲ್ಲಿನ ಪ್ರಯೋಗಾಲಯದ ತಟ್ಟೆಯ 67ನೇ ಗುಳಿಯಲ್ಲಿ ಸಿಕ್ಕಿದ ಆಂಟಿಬಾಡಿ ಅದು, 1983ರಲ್ಲಿ ಪ್ರಕಟವಾಯಿತು. ಶೇ. 4 ಎಂದರೆ ನಿಧಾನದ ಬೆಳವಣಿಗೆ. ಆದರೆ ಗಡ್ಡೆಯ ದರ್ಜೆಯನ್ನು ಇದೊಂದೇ ತೀರ್ಮಾನಿಸುವುದಿಲ್ಲ.

ಎಲ್ಲ ಸೇರಿಸಿದಾಗ ಕೊನೆಯ ಸಾಲು: ಐಡಿಎಚ್ ಬದಲಾದ ಆಸ್ಟ್ರೋಸೈಟೋಮಾ, ದರ್ಜೆ 2. ಇದು ನಿರುಪದ್ರವಿ ಗಡ್ಡೆಯಲ್ಲ, ಮುಂದೆ ಮರಳಿ ಬೆಳೆಯಬಹುದು. ಆದರೆ 'ಆರು ತಿಂಗಳು' ಎನ್ನುವ ಮಾತಿಗೆ ಈ ರಿಪೋರ್ಟಿನಲ್ಲಿ ಯಾವ ಆಧಾರವೂ ಇರಲಿಲ್ಲ.

ಇನ್ನೊಂದು ವಿಷಯ. 2024ರ ಆಗಸ್ಟಿನಲ್ಲಿ ಅಮೆರಿಕದ ಎಫ್‌ಡಿಎ ವೊರಾಸಿಡೆನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಐಡಿಎಚ್ ಬದಲಾದ ದರ್ಜೆ 2ರ ಗಡ್ಡೆಗಳಿಗೆ, ಆಪರೇಷನ್ ಆದ ನಂತರ, ಕೆಟ್ಟ ಐಡಿಎಚ್ ಪ್ರೊಟೀನಿನ ಕೆಲಸವನ್ನೇ ತಡೆಯುವ ಔಷಧ ಇದು. ಪೂರ್ತಿ ವಾಸಿ ಮಾಡುವುದಿಲ್ಲ, ಗಡ್ಡೆ ಬೆಳೆಯುವುದನ್ನು ಮುಂದೂಡುತ್ತದೆ. ಯಾರಿಗೆ ಬೇಕು ಎಂಬುದನ್ನು ಅವರ ವೈದ್ಯರೇ ಹೇಳಬೇಕು.

ಒಂದೇ ಗುರುತನ್ನು ನಂಬಬೇಡಿ

ಎಸ್-100 ಎಂಬ ಪ್ರೊಟೀನನ್ನು 1965ರಲ್ಲಿ ಬ್ಲೇಕ್ ಮೂರ್ ದನದ ಮಿದುಳಿನಿಂದ ಬೇರ್ಪಡಿಸಿದರು. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಸಾಂದ್ರ ದ್ರಾವಣದಲ್ಲೂ ಕರಗಿಯೇ ಇರುತ್ತದೆ ಎಂದು ಆ ಹೆಸರು. ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ಗಡ್ಡೆಯಲ್ಲಿ, ಸಾಮಾನ್ಯವಾಗಿ ನಿರುಪದ್ರವಿ ಅದು, ಎಸ್-100 ಗಾಢವಾಗಿ ಪಾಸಿಟಿವ್. ಆದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲೂ ಪಾಸಿಟಿವ್! ಭ್ರೂಣದಲ್ಲಿ ಎರಡರ ಜೀವಕೋಶಗಳಿಗೂ ಮೂಲ ಒಂದೇ. ಆದ್ದರಿಂದಲೇ ನಾವು ಒಂದೇ ಮಾರ್ಕರ್ ನೋಡಿ ಹೆಸರಿಡುವುದಿಲ್ಲ. ನಾಲ್ಕೈದನ್ನು ಸೇರಿಸಿ, ಸ್ಕ್ಯಾನ್ ಮತ್ತು ವಯಸ್ಸನ್ನೂ ನೋಡುತ್ತೇವೆ.

ಹಾಗೆಯೇ, ಮೇಲೆ ಹೇಳಿದ ಐಡಿಎಚ್ ಆಂಟಿಬಾಡಿ ಒಂದು ಬಗೆಯ ಬದಲಾವಣೆಯನ್ನು ಮಾತ್ರ ಹಿಡಿಯುತ್ತದೆ. ಅದು ನೆಗೆಟಿವ್ ಬಂದು, ರೋಗಿಯ ವಯಸ್ಸು 55ಕ್ಕಿಂತ ಕಡಿಮೆ ಇದ್ದರೆ ಜೀನ್ ಪರೀಕ್ಷೆ ಮಾಡಿಸಬೇಕಾಗುತ್ತದೆ.

ದೂರದಲ್ಲಿರುವ ನಾವು ಮಾಡಬಹುದಾದದ್ದು

1. ರಿಪೋರ್ಟಿನ ಎಲ್ಲ ಪುಟಗಳನ್ನೂ ತರಿಸಿಕೊಳ್ಳಿ. ಮೊದಲ ರಿಪೋರ್ಟಿನಲ್ಲಿ 'ಗ್ಲಿಯೋಮಾ' ಎಂದಷ್ಟೇ ಇರಬಹುದು, ಮಾರ್ಕರುಗಳ ಪುಟ ಕೆಲವು ದಿನ ತಡವಾಗಿ ಬರುತ್ತದೆ. ಅದು ಬರುವ ಮುನ್ನ ಯಾರ ಭವಿಷ್ಯವನ್ನೂ ಹೇಳಬೇಡಿ, ಕೇಳಬೇಡಿ.

2. ಮೇಣದ ಬ್ಲಾಕ್ ಎಲ್ಲಿದೆ ಎಂದು ವಿಚಾರಿಸಿ. ಕೋಣೆಯ ಉಷ್ಣತೆಯಲ್ಲೇ ವರ್ಷಗಟ್ಟಲೆ ಕೆಡದೆ ಇರುತ್ತದೆ. ಎರಡನೆಯ ಅಭಿಪ್ರಾಯ ಬೇಕೆಂದರೆ ರೋಗಿ ಪ್ರಯಾಣ ಮಾಡಬೇಕಿಲ್ಲ, ಬ್ಲಾಕ್ ಅಥವಾ ಸ್ಲೈಡ್ ಹೋದರೆ ಸಾಕು.

3. ವೈದ್ಯರನ್ನು ಕೇಳಿ: ಐಡಿಎಚ್ ಪರೀಕ್ಷೆ ಆಗಿದೆಯೇ? ದರ್ಜೆ ಎಷ್ಟು? ಜೀನ್ ಪರೀಕ್ಷೆ ಬೇಕೇ?

4. ಊರಲ್ಲಿ 'ಟ್ಯೂಮರ್ ಮಾರ್ಕರ್ ರಕ್ತ ಪರೀಕ್ಷೆ ಮಾಡಿಸಿ' ಎಂದು ಸಲಹೆ ಕೊಡುವವರಿರುತ್ತಾರೆ. ಈ ಗಡ್ಡೆಗಳನ್ನು ಹೆಸರಿಸಲು ಗಡ್ಡೆಯ ತುಣುಕೇ ಬೇಕು, ಅಂಥ ರಕ್ತ ಪರೀಕ್ಷೆ ಸಾಲದು.

ಆ ರಾತ್ರಿ ಫೋನ್ ಇಡುವ ಮೊದಲು ನಮ್ಮ ಸದಸ್ಯರು ಅತ್ತಿಗೆಯನ್ನೂ ಸಾಲಿಗೆ ಸೇರಿಸಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಗಳು ಎಂಟನೇ ಕ್ಲಾಸು. ಅವಳ ಎಸ್ಸೆಸ್ಸೆಲ್ಸಿ ನೋಡ್ತಾರಾ?" ಯಾವ ವೈದ್ಯರೂ ಮಾತು ಕೊಡಲಾರರು. ಆದರೆ ಈ ಗಡ್ಡೆಯಲ್ಲಿ ಹಾಗೆ ಆಶಿಸುವುದಕ್ಕೆ ಧಾರಾಳ ಕಾರಣವಿದೆ ಎಂದು ಹೇಳಿದೆ. ಅಣ್ಣ ಈಗ ಮತ್ತೆ ಅಂಗಡಿಗೆ ಹೋಗುತ್ತಿದ್ದಾರೆ, ಕೆಲವು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುತ್ತಾರೆ.

ನಿಮ್ಮ ಪ್ರಶ್ನೆಗಳಿದ್ದರೆ ಸಂಪಾದಕರಿಗೆ ಬರೆದು ತಿಳಿಸಿ.