ಲೈವ್ ಲೊಕೇಶನ್: ಕೇಳಿ ಪಡೆಯೋಣ, ಕದ್ದು ನೋಡುವುದು ಬೇಡ



ತಾಳವಾಡಿ, ಸತ್ಯಮಂಗಲ, ಹೊಸೂರು, ಚಾಮರಾಜನಗರ ಕಡೆಯ ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿದ್ದಾರೆ. ಸತ್ಯಮಂಗಲ ರಸ್ತೆಯ ಐಟಿ ಕಂಪನಿಗಳಲ್ಲಿ ಕೆಲಸ, ಸುತ್ತಲಿನ ಕಾಲೇಜುಗಳಲ್ಲಿ ಓದು, ಪಿಜಿಯಲ್ಲೋ ಹಾಸ್ಟೆಲಿನಲ್ಲೋ ವಾಸ. ರಾತ್ರಿ ಪಾಳಿ ಮುಗಿಸಿ ಮಗಳು ಕೋಣೆ ಸೇರಿದಳೋ ಇಲ್ಲವೋ ಎಂಬ ಚಿಂತೆ ಊರಿನಲ್ಲಿರುವ ತಾಯಿತಂದೆಗೆ ಇದ್ದೇ ಇರುತ್ತದೆ. ಹಾಗಾಗಿ 'ಊಟ ಆಯ್ತಾ?' ಎಂಬ ಮಾತಿನ ಜೊತೆಗೇ 'ಲೊಕೇಶನ್ ಹಾಕು' ಎಂಬ ಮಾತೂ ಬಳಕೆಗೆ ಬಂದಿದೆ.

ಈ ಬಗ್ಗೆ ಸದಸ್ಯರಲ್ಲಿ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮಕ್ಕಳ ಫೋನಿಗೆ ಟ್ರ್ಯಾಕಿಂಗ್ ಆ್ಯಪ್ ಹಾಕಬಹುದೇ? ಕಂಪನಿಯವರು ಲೊಕೇಶನ್ ಆನ್ ಇಡಿ ಎಂದರೆ ಏನು ಮಾಡಬೇಕು? ನಮ್ಮನ್ನೇ ಯಾರೋ ಗಮನಿಸುತ್ತಿದ್ದಾರೆ ಎಂಬ ಅನುಮಾನ ಬಂದರೆ ಏನು ದಾರಿ? ನಮಗೆ ತಿಳಿದಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಫೋನಿಗೆ ತಾನಿರುವ ಜಾಗ ಹೇಗೆ ಗೊತ್ತು?

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನ್ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ನೀವೆಲ್ಲಿದ್ದೀರಿ ಎಂದು ಉಪಗ್ರಹಕ್ಕೆ ಗೊತ್ತಾಗುವುದಿಲ್ಲ. ಲೆಕ್ಕ ಹಾಕಿದ್ದನ್ನು ಇಂಟರ್ನೆಟ್ ಮೂಲಕ ಬೇರೆಯವರಿಗೆ ಕಳಿಸುವುದು ಆ್ಯಪ್. ಆದ್ದರಿಂದ ಯಾವ ಆ್ಯಪಿಗೆ ಅನುಮತಿ ಕೊಟ್ಟಿದ್ದೇವೆ ಎಂಬುದೇ ಇಲ್ಲಿ ಮುಖ್ಯ. ಇದಲ್ಲದೆ ಮೊಬೈಲ್ ಟವರ್ ಮೂಲಕ ನಮ್ಮ ಜಾಗ ಸ್ಥೂಲವಾಗಿ ಮೊಬೈಲ್ ಕಂಪನಿಗೆ ತಿಳಿದಿರುತ್ತದೆ. ಕಟ್ಟಡದೊಳಗೆ ಸುತ್ತಲಿನ ವೈಫೈಗಳಿಂದಲೂ ಫೋನ್ ಜಾಗವನ್ನು ಊಹಿಸುತ್ತದೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಮೊದಲನೆಯದು, 'ನಂಬರ್ ಹಾಕಿ, ಲೊಕೇಶನ್ ನೋಡಿ' ಎನ್ನುವ ಆ್ಯಪ್‌ಗಳನ್ನು ನಂಬಬೇಡಿ. ಬರೀ ನಂಬರಿನಿಂದ ಅವು ಯಾರ ಜಾಗವನ್ನೂ ಹೇಳಲಾರವು. ಹೆಚ್ಚೆಂದರೆ ಆ ನಂಬರ್ ಯಾವ ರಾಜ್ಯದ್ದು ಎಂದು ತೋರಿಸಿ, ನಿಮ್ಮ ಫೋನಿನ ಕಾಂಟ್ಯಾಕ್ಟುಗಳಿಗೇ ಕೈ ಹಾಕುತ್ತವೆ. ಎರಡನೆಯದು, ನಕಾಶೆಯ ಮೇಲಿನ ಚುಕ್ಕಿ ನಿಂತ ಮಾತ್ರಕ್ಕೆ ಅಪಘಾತವಾಯಿತೆಂದು ಅರ್ಥವಲ್ಲ. ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹತ್ತಿ ಹಾಸನೂರು, ಪುಣಜನೂರು ಕಡೆಗೆ ಬರುವ ಬಸ್ಸು ಕಾಡಿನೊಳಗೆ ಸಿಗ್ನಲ್ ಕಳೆದುಕೊಳ್ಳುತ್ತದೆ. ಆಗ ಚುಕ್ಕಿ ನಿಂತಲ್ಲೇ ನಿಲ್ಲುತ್ತದೆ, ಬಸ್ಸು ಮುಂದೆ ಹೋಗುತ್ತಿರುತ್ತದೆ. ಗಾಬರಿಯಾಗುವ ಮೊದಲು ಆ ಚುಕ್ಕಿ ಎಷ್ಟು ಹೊತ್ತಿನ ಹಿಂದಿನದು ಎಂದು ನೋಡಿ.

ಕಾನೂನು ಏನು ಹೇಳುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಎಂದು ದೇಶಕ್ಕೆ ತೋರಿಸಿಕೊಟ್ಟ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿಯಿತು. 2024ರ ಜುಲೈನಲ್ಲಿ ಇನ್ನೊಂದು ಪ್ರಕರಣದಲ್ಲಿ, ಜಾಮೀನು ಪಡೆದ ಆರೋಪಿ ತನ್ನ ಗೂಗಲ್ ಮ್ಯಾಪ್ ಲೊಕೇಶನನ್ನು ತನಿಖಾಧಿಕಾರಿಗೆ ತೋರಿಸುತ್ತಿರಬೇಕು ಎಂಬ ಷರತ್ತನ್ನೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆರೋಪಿಗೇ ಅಷ್ಟು ಖಾಸಗಿತನ ಇರುವಾಗ ದುಡಿದು ಬದುಕುವ ಮಗಳಿಗೆ ಇಲ್ಲವೇ?

ಕೊರೊನಾ ಕಾಲ ನಮಗೆಲ್ಲ ನೆನಪಿದೆ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರ್ಕಾರ ಮನೆ ಕ್ವಾರಂಟೈನಿನಲ್ಲಿದ್ದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಹೇಳಿತು. ಸೆಲ್ಫಿಯ ಜೊತೆ ಜಾಗದ ವಿವರವೂ ಹೋಗುತ್ತಿತ್ತು. ಅದೇ ತಿಂಗಳು ಕ್ವಾರಂಟೈನಿನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೂ ಪ್ರಕಟಿಸಲಾಯಿತು. ರೋಗ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಒಬ್ಬರ ಮನೆ ಎಲ್ಲಿದೆ ಎಂಬ ಮಾಹಿತಿ ಒಮ್ಮೆ ಹೊರಬಿದ್ದರೆ ಅದನ್ನು ವಾಪಸ್ ಪಡೆಯಲು ಸಾಧ್ಯವಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಎಂದರೆ ಒತ್ತಾಯವಿಲ್ಲದೆ, ವಿಷಯ ತಿಳಿದು, ನಿರ್ದಿಷ್ಟ ಕೆಲಸಕ್ಕೆ ಮಾತ್ರ ಕೊಟ್ಟದ್ದು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಬರಬೇಕು. ಗಡಿನಾಡಿನವರಾದ ನಮಗೆ ಮುಖ್ಯವಾದ ಅಂಶ ಇನ್ನೊಂದಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಅಂದರೆ ತಮಿಳುನಾಡಿನಲ್ಲಿದ್ದರೂ ಕನ್ನಡದಲ್ಲಿ ಕೇಳಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತವೆ.

ಉದ್ಯೋಗಕ್ಕೆ ಸಂಬಂಧಿಸಿದ ಕೆಲವು ಉದ್ದೇಶಗಳಿಗೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಈ ಕಾಯ್ದೆ ಅವಕಾಶ ಕೊಡುತ್ತದೆ. ರಾತ್ರಿ ಪಾಳಿಯ ಕ್ಯಾಬಿಗೆ ಜಿಪಿಎಸ್ ಇರುವುದು ನಮ್ಮ ಹೆಣ್ಣುಮಕ್ಕಳ ಒಳಿತಿಗೇ. ಆದರೆ ಕ್ಯಾಬನ್ನು ಗಮನಿಸುವುದು ಬೇರೆ, ರಜೆಯ ದಿನವೂ ಸ್ವಂತ ಫೋನನ್ನು ಗಮನಿಸುವುದು ಬೇರೆ. ಯಾವ ಹೊತ್ತಿನಲ್ಲಿ ನೋಡುತ್ತೀರಿ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಕಂಪನಿಯವರನ್ನು ಇಮೇಲ್ ಮೂಲಕ ಕೇಳಿ. ಬರಹದಲ್ಲಿ ಕೇಳಿದರೆ ದಾಖಲೆ ಉಳಿಯುತ್ತದೆ.

ಮನೆಯೊಳಗಿನ ಮಾತು

ಮನೆಯ ಸ್ವಂತ ಬಳಕೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗೆಂದು ಏನು ಬೇಕಾದರೂ ಮಾಡಬಹುದು ಎಂದಲ್ಲ. ಬೇರೆಯವರ ಫೋನಿಗೆ ಅವರಿಗೆ ತಿಳಿಯದಂತೆ ಆ್ಯಪ್ ಹಾಕಿ ಮಾಹಿತಿ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು. ಬೇಡವೆಂದು ಸ್ಪಷ್ಟಪಡಿಸಿದ ಹೆಣ್ಣಿನ ಬೆನ್ನು ಬೀಳುವುದು, ಆಕೆಯ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೆಣ್ಣುಮಕ್ಕಳಿಗೆ ಅಪಾಯ ಯಾವಾಗಲೂ ಹೊರಗಿನವರಿಂದಲೇ ಬರುವುದಿಲ್ಲ. ಹೊಡೆಯುವ ಗಂಡ, ಬಿಟ್ಟುಬಂದ ಗೆಳೆಯ, ಜಾತಿ ಬಿಟ್ಟು ಮದುವೆಯಾದಳೆಂದು ಹುಡುಕುವ ಬಂಧು, ಇವರ ಕೈಗೂ ಅದೇ ಚುಕ್ಕಿ ಸಿಗುತ್ತದೆ. ರಕ್ಷಣೆಗೆಂದು ಹಾಕಿದ ಆ್ಯಪ್ ಬೇಟೆಗೂ ಬಳಕೆಯಾಗುತ್ತದೆ. ಇನ್ನೊಂದು ಅಪಾಯವೂ ಇದೆ. ಕದ್ದು ನೋಡುತ್ತಿದ್ದಾರೆ ಎಂದು ಮಗಳಿಗೆ ಗೊತ್ತಾದ ದಿನ ಅವಳು ಫೋನನ್ನು ಕೋಣೆಯಲ್ಲೇ ಬಿಟ್ಟು ಹೊರಗೆ ಹೋಗುತ್ತಾಳೆ. ಆಗ ಚುಕ್ಕಿ ಪಿಜಿಯಲ್ಲಿರುತ್ತದೆ, ಸಹಾಯ ಕೇಳಲು ಅವಳ ಕೈಯಲ್ಲಿ ಫೋನೇ ಇರುವುದಿಲ್ಲ.

ಹಾಗಾಗಿ ಮೊದಲು ಕೇಳೋಣ. ವಾಟ್ಸ್ಆ್ಯಪಿನಲ್ಲಿ ಲೈವ್ ಲೊಕೇಶನನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಹಂಚಬಹುದು, ಆಮೇಲೆ ಅದು ತಾನೇ ನಿಲ್ಲುತ್ತದೆ. ರಾತ್ರಿ ಕ್ಯಾಬ್ ಹತ್ತಿದಾಗ ಹಾಕು, ಕೋಣೆ ಸೇರಿದ ಮೇಲೆ ತೆಗೆ ಎಂಬ ಒಪ್ಪಂದ ಸಾಕು. ಜೊತೆಗೆ ಪಿಜಿಯ ನಂಬರ್, ಕೋಣೆಯ ಗೆಳತಿಯ ನಂಬರ್ ಬರೆದಿಟ್ಟುಕೊಳ್ಳಿ. ಮರೆವಿನ ತೊಂದರೆ ಶುರುವಾಗಿರುವ ಹಿರಿಯರಿದ್ದರೆ, ಅವರಿಗೆ ಅರ್ಥವಾಗುವ ಸ್ಥಿತಿಯಲ್ಲಿರುವಾಗಲೇ ವಿಷಯ ತಿಳಿಸಿ ಒಪ್ಪಿಗೆ ಪಡೆಯಿರಿ. ಜೇಬಿನಲ್ಲಿ ಕನ್ನಡ, ತಮಿಳು ಎರಡರಲ್ಲೂ ಬರೆದ ಚೀಟಿಯೂ ಇರಲಿ.

ನೀವೇ ಪರೀಕ್ಷಿಸಿ

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು, ಯಾವ ಆ್ಯಪಿಗೆ 'ಯಾವಾಗಲೂ' ಅನುಮತಿ ಇದೆ ಎಂದು ನೋಡಿ. ಬೇಡದ್ದನ್ನು 'ಬಳಸುವಾಗ ಮಾತ್ರ' ಎಂದು ಬದಲಾಯಿಸಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಫೋಟೋ ಒತ್ತಿ ಲೊಕೇಶನ್ ಶೇರಿಂಗ್ ನೋಡಿ. ವಾಟ್ಸ್ಆ್ಯಪಿನ ಪ್ರೈವಸಿಯಲ್ಲಿ ಲೈವ್ ಲೊಕೇಶನ್ ನೋಡಿ. ಐಫೋನಿನಲ್ಲಿ ಇದಕ್ಕೆಂದೇ 'ಸೇಫ್ಟಿ ಚೆಕ್' ಇದೆ.

ಆದರೆ ಹಿಂಸೆಯ ಭಯವಿರುವವರು ಅನುಮಾನದ ಆ್ಯಪನ್ನು ಕೂಡಲೇ ತೆಗೆಯಬೇಡಿ. ತೆಗೆದದ್ದು ಆ ಕಡೆಯವರಿಗೆ ತಿಳಿಯುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಬೇರೊಬ್ಬರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಾಗಿದ್ದರೆ 112ಕ್ಕೆ ಕರೆ ಮಾಡಿ. ತಮಿಳು ಬಾರದವರ ಜೊತೆ ಠಾಣೆಗೆ ಬರಲು ನಮ್ಮ ಸಂಘದ ಮಹಿಳಾ ಸದಸ್ಯರಿದ್ದಾರೆ. ಹೇಳಿದ ವಿಷಯ ಅವರಿಂದ ಹೊರಗೆ ಹೋಗುವುದಿಲ್ಲ.

ಕೊನೆಯದಾಗಿ ಸಂಘದ ಗುಂಪಿನ ಬಗ್ಗೆ ಒಂದು ವಿನಂತಿ. ಪ್ರವಾಸದ ವೇಳೆ ಗುಂಪಿನಲ್ಲಿ ಹಾಕಿದ ಲೈವ್ ಲೊಕೇಶನ್ ಎಲ್ಲ ಸದಸ್ಯರಿಗೂ ಕಾಣುತ್ತದೆ. ಇನ್ನು ಮುಂದೆ ಕಾರ್ಯಕ್ರಮ ನಡೆಯುವ ಸ್ಥಳವನ್ನು ಮಾತ್ರ ಗುಂಪಿನಲ್ಲಿ ಹಾಕೋಣ. ನೀವಿರುವ ಜಾಗವನ್ನು ಬೇಕಾದವರಿಗೆ ಮಾತ್ರ ಕಳಿಸಿ. ಮುಂದಿನ ಮಾಸಿಕ ಸಭೆಯ ನಂತರ ಅರ್ಧ ಗಂಟೆ ಈ ಸೆಟ್ಟಿಂಗ್ಸ್ ತೋರಿಸಿಕೊಡುತ್ತೇವೆ. ಹಿರಿಯರು, ಮಕ್ಕಳು ಒಟ್ಟಿಗೆ ಬನ್ನಿ. ಫೋನ್ ನಿಮ್ಮ ಕೈಯಲ್ಲೇ ಇರಲಿ, ನಾವು ಹೇಳುತ್ತೇವೆ, ನೀವೇ ಒತ್ತಿ.