ಮನೆಯ ಚಾಕುಗಳಿಗೂ ಕುಡಗೋಲುಗಳಿಗೂ ಒರಟು ಕಲ್ಲಿನಿಂದ ಸಾಣೆ ಹಿಡಿಯುವ ಕ್ರಮ

ಚಂದಾಪುರ, ಸೇಡಂ, ಚಿತ್ತಾಪುರಗಳ ಕಡೆ ಚಾಕು ಮೊಂಡಾದೊಡನೆ ಅದನ್ನು ಅಂಗಳದ ಶಹಾಬಾದ ಫರಸಿಯ ಮೇಲೆ ತಿಕ್ಕುವವರುಂಟು. ಈ ಕಲ್ಲು ನೆಲಕ್ಕೆ ಬಹು ಉತ್ತಮವಾದುದು; ಸಾಣೆಗೆ ಯೋಗ್ಯವಲ್ಲ. ಏಕೆಂದರೆ ಅದು ಸುಣ್ಣದ ಕಲ್ಲು. ವಾಡಿಯಲ್ಲಿ ಸಿಮೆಂಟು ತಯಾರಾಗುವುದೂ ಸುಣ್ಣದ ಕಲ್ಲಿನಿಂದಲೇ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ ಎಂಬವರು 1812ರಲ್ಲಿ ಖನಿಜಗಳ ಗಟ್ಟಿತನಕ್ಕೆ 10 ಮೆಟ್ಟಿಲುಗಳನ್ನು ಏರ್ಪಡಿಸಿದರು. ಅದರಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವು 3ನೆಯದು, ಮರಳಿನ ಬೆಣಚು 7, ಕುರಂದ 9. ಹದ ಹಾಕಿದ ಉಕ್ಕಾದರೋ 6ರ ಆಸುಪಾಸಿನದು. ತನಗಿಂತ ಗಟ್ಟಿಯಾದುದನ್ನು ಮೆದು ಕಲ್ಲು ಸವೆಸಲಾರದು. ಫರಸಿಯ ಮೇಲೆ ಕಾಣುವ ಪುಡಿಯು ಬಹುಮಟ್ಟಿಗೆ ಕಲ್ಲಿನದೇ; ಅಲಗಿನ ಅಂಚು ಮಾತ್ರ ಉರುಟಾಗಿ ಉಳಿಯುವುದು.

ಆದುದರಿಂದ ಕುರಂದದ ಸಾಣೆಕಲ್ಲನ್ನಾಗಲಿ, ಅಂಗಡಿಯಲ್ಲಿ ದೊರೆಯುವ ಕೃತಕ ಕಪ್ಪು ಕಲ್ಲನ್ನಾಗಲಿ ಇಟ್ಟುಕೊಳ್ಳತಕ್ಕದ್ದು. ಈ ಎರಡನೆಯದು 1891ರಲ್ಲಿ ಅಮೆರಿಕದ ಅಚೆಸನ್ ಎಂಬವರು ಕಂಡುಹಿಡಿದ ಸಿಲಿಕಾನ್ ಕಾರ್ಬೈಡಿನದು. ಇಂಥ ಕಲ್ಲುಗಳಲ್ಲಿ ಅನೇಕವಕ್ಕೆ ಒಂದು ಮೈ ಒರಟು, ಮತ್ತೊಂದು ನಯ.

ಕಲ್ಲನ್ನು ನೀರಿನಲ್ಲಿ ನೆನೆಸಿ, ಅಲುಗದಂತೆ ಒದ್ದೆಬಟ್ಟೆಯ ಮೇಲಿಡಿರಿ. ಅಲಗಿನ ಅಗಲವನ್ನು ನಾಲ್ಕು ಪಾಲೆಂದೆಣಿಸಿ, ಅದರ ಬೆನ್ನನ್ನು ಒಂದು ಪಾಲಿನಷ್ಟು ಎತ್ತಿ ಹಿಡಿದರೆ ಓರೆಯು ಸುಮಾರು 15 ಅಂಶವಾಗುವುದು. ಅಡಿಗೆಯ ಚಾಕುವಿಗೆ ಇದು ಸರಿ. ಓರೆ ಬದಲಾಗದಂತೆ ಒಂದೇ ಮಗ್ಗುಲನ್ನು ಉಜ್ಜುತ್ತಿರಲು, ಎದುರು ಮಗ್ಗುಲಿನ ಅಂಚಿನಲ್ಲಿ ತಂತಿಯಂಥ ಸಣ್ಣ ಎಳೆಯು ಬೆರಳಿಗೆ ತಗಲುವುದು. ಇದು ಬುಡದಿಂದ ತುದಿಯವರೆಗೆ ತೋರುವ ತನಕ ಮಗ್ಗುಲು ಬದಲಿಸಲಾಗದು. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯದೆ, ಬೆನ್ನಿನ ಕಡೆಯಿಂದ ಹೊರಕ್ಕೆ ಸರಿಸಿ ನೋಡಬೇಕು. ಅನಂತರ ಇನ್ನೊಂದು ಮಗ್ಗುಲು. ಕಡೆಗೆ ನಯವಾದ ಮೈಯಲ್ಲಿ ಹಗುರವಾಗಿ ಎರಡು ಕಡೆಗೂ ನಾಲ್ಕಾರು ಸಲ ಎಳೆದು ಆ ಎಳೆಯನ್ನು ತೆಗೆಯಬೇಕು.

ಕ್ಷೌರದ ಕತ್ತಿಯಂಥ ಮಿಂಚು ಅಡಿಗೆಮನೆಗೆ ಬೇಡ. ಒರಟು ಕಲ್ಲು ಬಿಡುವ ಕಣ್ಣಿಗೆ ಕಾಣದ ಹಲ್ಲುಗಳೇ ಬದನೆ, ಟೊಮೇಟೊಗಳ ಸಿಪ್ಪೆಯನ್ನು ಹಿಡಿದು ಕೊಯ್ಯುತ್ತವೆ. ಆದರೆ ದಿನಂಪ್ರತಿ ಒರಟು ಮೈಗೆ ಹಚ್ಚಿದರೆ ಅಲಗು ತಿಂದುಹೋಗುವುದು. ಕಂಬಾರನು ಕಬ್ಬಿಣಕ್ಕೆ ಉಕ್ಕು ಕೂಡಿಸಿ ಮಾಡಿದ ಆಯುಧದಲ್ಲಿ ಆ ಉಕ್ಕು ತೀರಿತೆಂದರೆ ಉಳಿದುದು ಬರಿಯ ತಗಡು.

ತಿರುಗುವ ಚಕ್ರದವರಿಗೆ ಕೊಡುವಾಗ ಎಚ್ಚರವಿರಲಿ. ಅಂಚು ನೀಲಿ ಬಣ್ಣಕ್ಕೆ ತಿರುಗಿತೋ, ಬಿಸಿಯಿಂದ ಹದ ಇಳಿಯಿತೆಂದೇ ತಿಳಿಯಬೇಕು. ಮೇಲಿಂದ ಮೇಲೆ ನೀರಿನಲ್ಲಿ ಅದ್ದಿಸಿರಿ.

ತೊಗರಿಯ ಕಾಂಡ ಕಟ್ಟಿಗೆಯಂಥದು. ಅದಕ್ಕೆ ಕುಡಗೋಲಿನ ಬೆನ್ನನ್ನು ಅಗಲದ ಮೂರರಲ್ಲೊಂದು ಪಾಲು ಎತ್ತಿರಿ. ಮೊಂಡ ಕುಡಗೋಲಿನಿಂದ ಜಗ್ಗಿದರೆ ಒಣಗಿದ ಕಾಯಿ ಒಡೆದು ಕಾಳು ಹೊಲದಲ್ಲೇ ಉದುರುವುದು. ಜಾರಿದರೆ ಕೊಯ್ಯುವವರ ಎಡಗೈಗೆ ಗಾಯ. ಹಲ್ಲಿನ ಕುಡಗೋಲನ್ನು ಈ ಕಲ್ಲಿಗೆ ಹಚ್ಚಕೂಡದು. ಅದರ ಹಲ್ಲನ್ನು ಕಂಬಾರನೇ ಮತ್ತೆ ಕಡಿಯಬೇಕು. ಉಳಿದವುಗಳಿಗಾಗಿ ಕೊಯ್ಲಿನ ದಿನ ಒಂದು ಕಲ್ಲನ್ನೂ ಒಂದು ತಂಬಿಗೆ ನೀರನ್ನೂ ಹೊಲಕ್ಕೇ ಕಳುಹಿಸಿರಿ.