ಬನಶಂಕರಿಗೆ ಜೋಡಿ ಟಿಕೆಟ್ಟು

ಹೊಸದಾಗಿ ಮದುವೆಯಾದವರು ಊಟಿ, ಗೋವಾ ಅನ್ನುವುದಕ್ಕೆ ಎಷ್ಟೋ ಮೊದಲೇ ನರಗುಂದ ಸೀಮೆಯವರಿಗೆ ಒಂದು ಊರು ಗೊತ್ತಿತ್ತು. ಬನದ ಹುಣ್ಣಿಮೆಯ ಜಾತ್ರೆಗೆ ಬನಶಂಕರಿ. ಮನೆಯಲ್ಲಿ ಅತ್ತೆ-ಮಾವನ ಎದುರು ಅಕ್ಕಪಕ್ಕ ಕೂಡಲು ನಾಚುವ ಜೋಡಿ ಅಲ್ಲಿ ತಗಡಿನ ಥೇಟರಿನೊಳಗೆ ಬೆಳಗಿನವರೆಗೂ ಒಂದೇ ಕಂಬಳಿ ಹೊದ್ದು ನಾಟಕ ನೋಡಬಹುದಿತ್ತು. ದೇವಿಯ ಹೆಸರು ಹೇಳಿ ಹೊರಟವರನ್ನು ತಡೆಯುವ ಹಿರಿಯರು ಯಾರಿದ್ದಾರೆ? ಮುಂದಿನ ವರ್ಷ ಅದೇ ಜೋಡಿ ಕೂಸು ಎತ್ತಿಕೊಂಡು ಬರುತ್ತಿತ್ತು. ಹರಕೆ ಹೊತ್ತವರು ಕೂಸನ್ನು ಬಾಳೆದಿಂಡಿನ ತೆಪ್ಪದ ಮೇಲೆ ಮಲಗಿಸಿ ಹೊಂಡದ ನೀರಿನಲ್ಲಿ ತೇಲಿಸಿ ದೇವಿಗೆ ತೋರಿಸುವ ಪದ್ಧತಿ ಈಗಲೂ ಉಂಟು.

ಕಾಲವೂ ಅದಕ್ಕೆ ತಕ್ಕದ್ದೇ. ಎಳ್ಳ ಅಮಾವಾಸ್ಯೆಗೆ ಎರೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಹದಿನೈದು ದಿನಕ್ಕೆ ಬನದ ಹುಣ್ಣಿಮೆ. ಬಿಳಿಜೋಳ ತೆನೆಗಟ್ಟಿದೆ, ಕಡಲೆ ಕಾಯಿ ಹಿಡಿದಿದೆ, ಹತ್ತಿ ಮಾರಿದ ನಾಲ್ಕು ಕಾಸು ಕೈಯಲ್ಲಿದೆ. ಕೊಯ್ಲಿಗೆ ಇನ್ನೂ ತಡ. ರೈತನ ಹೆಂಡತಿ ವರ್ಷದಲ್ಲಿ ಒಮ್ಮೆ ಬಾಯಿಬಿಟ್ಟು ಕೇಳುವ ಮಾತು ಆಗಲೇ ಬರುತ್ತದೆ: ‘ಏನ್ರೀ, ಈ ಸರತಿ ಬನಶಂಕರಿಗೆ ಹೋಗೂದೈತೋ ಇಲ್ಲೋ?’

ದಾರಿ ದೂರದ್ದಲ್ಲ. ನರಗುಂದದಿಂದ ಹೆದ್ದಾರಿ ಹಿಡಿದು ಕೊಣ್ಣೂರು, ಮಲಪ್ರಭೆಯ ಸೇತುವೆ, ಕುಳಗೇರಿ ಕ್ರಾಸ್; ಅಲ್ಲಿ ಹೊರಳಿದರೆ ಬಾದಾಮಿ. ಬಾದಾಮಿಯಿಂದ ಐದು ಕಿಲೋಮೀಟರ್ ಆಚೆ, ಚೊಳಚಗುಡ್ಡದ ಬಳಿ ದೇವಿಯ ಗುಡಿ. ಒಟ್ಟು ಐವತ್ತು ಕಿಲೋಮೀಟರಿನ ಆಸುಪಾಸು. ರೋಣದವರಿಗೆ ಇನ್ನೂ ಹತ್ತಿರ. ರೋಣದವರಿಗಂತೂ ಈ ಜಾತ್ರೆಯಲ್ಲಿ ಹಕ್ಕೇ ಇದೆ. ತೇರು ಎಳೆಯುವ ಹಗ್ಗ ಬರುವುದು ಅದೇ ತಾಲ್ಲೂಕಿನ ಮಾಡಲಗೇರಿಯಿಂದ, ಹಳಿಬಂಡಿಯ ಮೇಲೆ.

ಜಾತ್ರೆಯ ಉಳಿದ ಸಂಗತಿ ಓದುಗರಿಗೆ ಗೊತ್ತಿರುವಂಥದ್ದೇ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ. ಶಾಕಾಂಬರಿ ಎನಿಸಿದ ಬನಶಂಕರಿಗೆ 108 ಬಗೆಯ ಪಲ್ಯದ ನೈವೇದ್ಯ. ಗುಡಿಯ ಮುಂದಿನ ದೊಡ್ಡ ಹೊಂಡ. ಬುಟ್ಟಿಯಲ್ಲಿ ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆಯ ಮೊಸರು ಇಟ್ಟುಕೊಂಡು ಕೂಗಿ ಕರೆಯುವ ತಾಯಂದಿರು. ಮನೆ ಕಟ್ಟಿಸುವವರು ಬಾಗಿಲ ಚೌಕಟ್ಟು ಕೊಳ್ಳಲು ಇಲ್ಲಿಗೇ ಬರುತ್ತಾರೆ. ಸಾಲು ಸಾಲಾಗಿ ನಿಲ್ಲಿಸಿದ ಕೆತ್ತನೆಯ ಚೌಕಟ್ಟುಗಳ ನಡುವೆ ಒಮ್ಮೆ ನಡೆದು ನೋಡಿ, ಊರಿಲ್ಲದೆ ಬರೀ ಬಾಗಿಲುಗಳೇ ನಿಂತಿರುತ್ತವೆ. ಆದರೆ ನಾನು ಹೇಳಲು ಹೊರಟಿದ್ದು ಹೊತ್ತು ಮುಳುಗಿದ ಮೇಲಿನ ಬನಶಂಕರಿಯನ್ನು.

ರಸ್ತೆಯ ಆಚೀಚೆ ತಗಡಿನ ಥೇಟರುಗಳು ಎದ್ದಿರುತ್ತವೆ. ಒಂದಲ್ಲ ಎರಡಲ್ಲ, ನಾಡಿನ ಹೆಸರಾಂತ ವೃತ್ತಿ ಕಂಪನಿಗಳೆಲ್ಲ ಒಂದೇ ಬಯಲಿನಲ್ಲಿ ಕ್ಯಾಂಪು ಹಾಕಿರುತ್ತವೆ. ಇಂಥ ನೋಟ ಕರ್ನಾಟಕದಲ್ಲಿ ಬೇರೆಲ್ಲಿಯೂ ಇಷ್ಟು ಜೋರಾಗಿ ಸಿಗುವುದಿಲ್ಲ. ಪ್ರತಿ ಕಂಪನಿಯ ಮುಂದೆ ಬಣ್ಣದ ಬಲ್ಬು, ಆಳೆತ್ತರದ ಕಟೌಟು, ನಾಟಕದ ಹೆಸರು ಕೂಗುವ ಮೈಕು. ಸಂಜೆಯ ಆಟ ಮುಗಿದರೆ ರಾತ್ರಿಯದು, ಅದು ಮುಗಿದರೆ ನಡುರಾತ್ರಿಯದು. ಗಂಡನಿಗೆ ನಗೆನಾಟಕ ಬೇಕು, ಹೆಂಡತಿಗೆ ಅಳಿಸುವಂಥದ್ದು ಬೇಕು. ಜಗಳವಿಲ್ಲ, ಎರಡನ್ನೂ ನೋಡಬಹುದು. ವರ್ಷವಿಡೀ ಸಾಲದಲ್ಲಿ ಉರುಳುವ ಕಂಪನಿ ಮಾಲೀಕ ಬನಶಂಕರಿಯ ಕಲೆಕ್ಷನ್ನಿನ ಮೇಲೆ ಉಳಿದ ಕ್ಯಾಂಪುಗಳ ನಷ್ಟ ತುಂಬಿಕೊಳ್ಳುತ್ತಾನೆ. ಈ ಒಂದು ತಿಂಗಳು ಕೈಕೊಟ್ಟರೆ ಪರದೆ ಸುತ್ತಿ ಇಡಬೇಕಾದೀತು.

ಈ ಕಂಪನಿ ನಾಟಕದ ಬೇರು ನಮ್ಮ ಗದಗ ಜಿಲ್ಲೆಯಲ್ಲೇ ಇದೆ ಅನ್ನುವುದು ಹೊಸ ತಲೆಮಾರಿಗೆ ಅಷ್ಟಾಗಿ ತಿಳಿಯದು. ಮುಂಬೈ ಪ್ರಾಂತದ ಈ ಭಾಗದಲ್ಲಿ ಮರಾಠಿ ನಾಟಕಗಳೇ ಮೆರೆಯುತ್ತಿದ್ದ ಕಾಲದಲ್ಲಿ, 1877ರಲ್ಲಿ, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಹುಟ್ಟಿತು. ಕಟ್ಟಿದವರು ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು. ಮರಾಠಿ ನಾಟಕಕ್ಕೂ ಕನ್ನಡದ ಋಣ ಇತ್ತು ಅನ್ನುವುದು ಬೇರೆ ಮಾತು. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯಲ್ಲಿ ಆಡಿದ ಆಟ ನೋಡಿಯೇ ಅಲ್ಲಿನ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದು. ಮುಂದೆ ಗದುಗಿನಲ್ಲೇ ಗರುಡ ಸದಾಶಿವರಾಯರ ದತ್ತಾತ್ರೇಯ ಸಂಗೀತ ನಾಟಕ ಮಂಡಳಿ ಬೆಳೆಯಿತು. ಅವರ ‘ಎಚ್ಚಮ ನಾಯಕ’ ನೋಡಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಮಂಡಳಿಯ ಹೆಸರಿನಲ್ಲೇ ‘ಸಂಗೀತ’ ಇರುವುದನ್ನು ಗಮನಿಸಿ. ಅದು ಅಲಂಕಾರಕ್ಕೆ ಸೇರಿಸಿದ್ದಲ್ಲ. ಹಾಡಲು ಬಾರದವನಿಗೆ ಕಂಪನಿಯಲ್ಲಿ ನಾಯಕನ ಪಾರ್ಟು ಇರಲಿಲ್ಲ. ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿ ಬಣ್ಣ ಹಚ್ಚಿದ್ದು ವಾಮನರಾವ್ ಮಾಸ್ತರರ ಕಂಪನಿಯಲ್ಲಿ; ಅವರ ದನಿ ಗುರು ನೀಲಕಂಠ ಬುವಾ ಅವರ ಕಿವಿಗೆ ಬಿದ್ದದ್ದೂ ನಾಟಕದಿಂದಲೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇನ್ನೊಂದು ಬಗೆಯದು. ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಒಟ್ಟುಗೂಡಿಸಿಕೊಂಡು ಸಂಗೀತ ಕಲಿಸಿದರು. ಅವರ ಹೊಟ್ಟೆಗೆ ಹಾಕಲು ನಾಟಕ ಕಂಪನಿ ನಡೆಸಿದರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಆ ಹೊರೆ ಹೊತ್ತವರು ಪುಟ್ಟರಾಜ ಗವಾಯಿಗಳು. ಕಣ್ಣಿಲ್ಲದ ಒಬ್ಬರು ನಾಟಕ ಬರೆದು, ರಾಗ ಹಾಕಿ, ಕಂಪನಿ ನಡೆಸಿ ಸಾವಿರಾರು ಮಕ್ಕಳಿಗೆ ಅನ್ನ ಹಾಕಿದರು. ಟಿಕೆಟ್ಟಿನ ದುಡ್ಡು ನೇರವಾಗಿ ಪಾಠಶಾಲೆಯ ಒಲೆಗೆ ಹೋಗುತ್ತಿದ್ದ ಇಂಥ ಏರ್ಪಾಡನ್ನು ನಾನು ಬೇರೆ ಕಡೆ ಕೇಳಿಲ್ಲ.

ಥೇಟರಿನ ಒಳಗೆ ಹೋಗೋಣ. ವೇದಿಕೆಯ ಮುಂದೆ, ಒಂದು ಬದಿಗೆ, ನಟರಿಗೂ ಪ್ರೇಕ್ಷಕರಿಗೂ ನಡುವೆ ಕೂತವನು ಪೇಟಿ ಮಾಸ್ತರ. ಬಗಲಿಗೆ ತಬಲಜಿ. ಹಿಂದೆ ಕಾಲ್ಪೇಟಿ, ಅಂದರೆ ಕಾಲಿನ ಹಾರ್ಮೋನಿಯಂ ಇತ್ತು. ಗಾಳಿ ಒತ್ತುವ ಕೆಲಸ ಕಾಲಿಗೆ ಬಿಟ್ಟು ಎರಡೂ ಕೈಯಿಂದ ಸ್ವರ ಹಿಡಿಯಬಹುದಿತ್ತು, ಮೈಕಿಲ್ಲದ ಕಾಲಕ್ಕೆ ಅದರ ದನಿ ಕಡೆಯ ಸಾಲಿನವರೆಗೂ ಮುಟ್ಟುತ್ತಿತ್ತು. ಈಗ ಅದರ ಜಾಗದಲ್ಲಿ ಕೀಬೋರ್ಡು, ತಬಲಾದ ಜತೆಗೆ ರಿದಂ ಪ್ಯಾಡು. ವಾದ್ಯ ಬದಲಾಗಿದೆ, ಅಧಿಕಾರ ಬದಲಾಗಿಲ್ಲ. ನಾಯಕಿ ಒಳಗಿನಿಂದ ಹೊರಗೆ ಬರುವುದು ಅವನು ಶ್ರುತಿ ಕೊಟ್ಟಾಗ, ಖಳನಾಯಕ ಮೀಸೆ ತಿರುವುವುದು ಅವನು ಒಂದು ಕೆಳಗಿನ ಸ್ವರ ಒತ್ತಿದಾಗ. ಮಾತು ಮರೆತ ನಟನನ್ನು ಅವನು ಒಂದು ಆಲಾಪದಿಂದ ಕಾಯುತ್ತಾನೆ. ಸೊಕ್ಕು ಮಾಡಿದವನನ್ನು ಅರ್ಧ ಸ್ವರ ಏರಿಸಿ ಹಾಡಿಸಿ ಬೆವರಿಳಿಸುತ್ತಾನೆ.

ಹೊಡೆದಾಟದ ಸೀನು ಬಂದಾಗ ನಟರನ್ನು ಬಿಟ್ಟು ತಬಲಜಿಯ ಕಡೆ ನೋಡಿ. ಕಂಪನಿ ನಾಟಕದಲ್ಲಿ ಏಟು ಬೀಳುವುದು ಕೆನ್ನೆಯ ಮೇಲಲ್ಲ, ಡಗ್ಗಾದ ಮೇಲೆ. ನಾಯಕ ಕೈ ಬೀಸುತ್ತಾನೆ, ಸಪ್ಪಳ ಇಲ್ಲಿ ಹುಟ್ಟುತ್ತದೆ, ಅದೇ ಕ್ಷಣಕ್ಕೆ ಎದುರಿನವನ ಕತ್ತು ಹೊರಳಿ ಮೈ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಹಲಗೆಯ ಮೇಲೆ ಬೀಳುತ್ತದೆ. ಮೂವರೂ ಒಂದೇ ಲಯದಲ್ಲಿರಬೇಕು. ತಬಲಜಿ ಚೂರು ತಡ ಮಾಡಿದರೆ ಖಳನಾಯಕ ಬಿದ್ದು ಆದ ಮೇಲೆ ಏಟಿನ ಸದ್ದು ಬರುತ್ತದೆ, ಮುಂದಿನ ಸಾಲಿನ ಹುಡುಗರು ಸಿಳ್ಳೆ ಹಾಕುತ್ತಾರೆ. ಹಾಸ್ಯ ಪಾತ್ರಧಾರಿಯ ಕಷ್ಟ ಇನ್ನೂ ದೊಡ್ಡದು. ಅವನ ನಡಿಗೆ, ಎಡವುವುದು, ಲಾಗ ಹಾಕುವುದು, ಪಂಚೆ ಜಾರುವುದು, ಎಲ್ಲಕ್ಕೂ ತಾಳವುಂಟು. ಅದನ್ನು ಅವನು ರಾತ್ರಿಗೆ ಎರಡು ಮೂರು ಆಟ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ತಿಂಗಳುಗಟ್ಟಲೆ ಮಾಡಬೇಕು. ಅವನಿಗೆ ತಾಲೀಮು ಕೊಟ್ಟ ಶಾಲೆ ಯಾವುದೂ ಇಲ್ಲ. ದೊಡ್ಡಾಟದ ಕುಣಿತ, ಗರಡಿಮನೆಯ ಸಾಮು, ಅಣ್ಣನನ್ನೋ ಅಪ್ಪನನ್ನೋ ಪಕ್ಕದ ಪರದೆಯ ಹಿಂದಿನಿಂದ ನೋಡಿದ್ದು, ಇಷ್ಟೇ ಅವನ ವಿದ್ಯೆ.

ಹಾಡಿಗೆ ಮೈ ಕುಣಿಸುವ ಈ ಕಸುಬಿಗೆ ಜಗತ್ತಿನಲ್ಲಿ ಬಹಳ ಬೆಲೆಯಿದೆ. ಕೆನಡಾದಲ್ಲಿ 1984ರಲ್ಲಿ ಶುರುವಾದ ‘ಸರ್ಕ್ ದು ಸೊಲೇ’ ಎಂಬ ಸಂಸ್ಥೆ ಬೀಟಲ್ಸ್ ತಂಡದ ಹಾಡುಗಳ ಮೇಲೆ ‘ಲವ್’ ಅನ್ನುವ ರಂಗಪ್ರದರ್ಶನ ಕಟ್ಟಿತು. ಹಗ್ಗದಿಂದ ಇಳಿಯುವವರು, ಗಾಳಿಯಲ್ಲಿ ತಿರುಗುವವರು, ಎಲ್ಲರೂ ಹಾಡಿನ ಜತೆಗೆ. ಲಾಸ್ ವೇಗಸ್‌ನಲ್ಲಿ 2006ರಿಂದ 2024ರವರೆಗೆ ಅದು ನಡೆಯಿತು. ದೇಶ ವಿದೇಶದ ದಂಪತಿಗಳು ಅದೊಂದನ್ನು ನೋಡಲೆಂದೇ ವಿಮಾನ ಹತ್ತುತ್ತಿದ್ದರು. ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದು ಆ ಸಂಸ್ಥೆಗಿಂತ ಸರಿಯಾಗಿ ನೂರು ವರ್ಷ ಮೊದಲು, 1884ರಲ್ಲಿ. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಇನ್ನು ಮೈಯ ಕಸರತ್ತೇ ಬೇಕೆಂದರೆ ನಮ್ಮ ಜಿಲ್ಲೆಯ ಲಕ್ಷ್ಮೇಶ್ವರದ ಮಲ್ಲಕಂಬದ ಹುಡುಗರಿದ್ದಾರೆ. ಮೂಡುಬಿದಿರೆಯ ಆಳ್ವಾಸ್ ವಿರಾಸತ್ ಉತ್ಸವದಲ್ಲಿ ಮಲ್ಲಕಂಬ ಬೆಳಕು, ಸಂಗೀತದ ಜತೆ ವೇದಿಕೆಗೆ ಬಂದು ಜನಮೆಚ್ಚುಗೆ ಗಳಿಸಿದೆ. ನಮ್ಮ ಕಂಪನಿ ಮಾಲೀಕರು ಇದನ್ನು ಯಾಕೆ ನೋಡಲಿಲ್ಲವೋ. ಸಿನಿಮಾ ಹಾಡಿನ ಡ್ಯಾನ್ಸು ತುರುಕುವ ಜಾಗದಲ್ಲಿ ಹತ್ತು ನಿಮಿಷ ಮಲ್ಲಕಂಬ ಇಟ್ಟರೆ ಬನಶಂಕರಿಯ ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಹೌದು, ದೂರುವುದಕ್ಕೂ ಇದೆ. ಈಗಿನ ಕೆಲವು ನಾಟಕಗಳ ಹೆಸರನ್ನು ಮನೆಯಲ್ಲಿ ಗಟ್ಟಿಯಾಗಿ ಓದುವಂತಿಲ್ಲ. ಎರಡರ್ಥದ ಮಾತಿಗೆ ಬೀಳುವ ಚಪ್ಪಾಳೆ ಹಾಡಿಗೆ ಬೀಳುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಅದರಲ್ಲಿ ಅರ್ಧ ನಿಜವಿದೆ, ಅರ್ಧ ಸೋಮಾರಿತನವಿದೆ. ಯಾಕೆಂದರೆ ಇದೇ ನೆಲದಲ್ಲಿ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಗೆ ಜನ ಬೆಳಗಿನ ಜಾವದವರೆಗೆ ಕದಲದೆ ಕೂತಿದ್ದಾರೆ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಹಳ್ಳಿಯ ಮಾತಲ್ಲೇ ನಗಿಸಿ ಗೆದ್ದು, 1974ರಲ್ಲಿ ರಾಜಕುಮಾರ್ ಸಿನಿಮಾವಾಯಿತು. ಏಣಗಿ ಬಾಳಪ್ಪನವರು ಹರೆಯದಲ್ಲಿ ಹೆಣ್ಣು ಪಾತ್ರ ಮಾಡಿ, ಮುಂದೆ ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾಗಿ ನಿಂತಾಗ ಪ್ರೇಕ್ಷಕರು ಕೈಮುಗಿದರು. ಅವರು 2017ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಜನರ ರುಚಿ ಕೆಟ್ಟಿದೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನಡುರಾತ್ರಿ ಆಟದಲ್ಲಿ ತಾಯಿ ಪಾತ್ರದವಳೊಬ್ಬಳು ಎರಡು ಸಾಲು ಬಿಡಿ ಹಾಡು ಹಾಡಿದಾಗ ಇಡೀ ಥೇಟರು ತಣ್ಣಗಾದದ್ದನ್ನು, ನನ್ನ ಪಕ್ಕದಲ್ಲಿದ್ದ ನಮ್ಮ ಮನೆಯಾಕೆ ಸೆರಗು ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ನೋಡಿದ್ದೇನೆ. ಸ್ಪೀಕರಿನ ಸದ್ದು ಎದೆ ಒಡೆಯುವಷ್ಟು ಏರಿಸುವ ಚಾಳಿ ಮಾತ್ರ ನಿಲ್ಲಬೇಕು. ಪೇಟಿಯ ಸೂಕ್ಷ್ಮವೆಲ್ಲ ಅದರಲ್ಲಿ ಕೊಚ್ಚಿಹೋಗುತ್ತದೆ.

ಥೇಟರಿನ ಹಿಂದೆಯೂ ಒಮ್ಮೆ ಸುಳಿದು ಬನ್ನಿ. ಅಲ್ಲಿ ಒಂದು ಪುಟ್ಟ ಓಣಿಯೇ ಇರುತ್ತದೆ: ತಾಡಪತ್ರಿಯ ಗುಡಿಸಲುಗಳು, ಕಲ್ಲಿನ ಒಲೆ, ಹಗ್ಗದ ಮೇಲೆ ಒಣಗಲು ಹಾಕಿದ ರಾಣಿಯ ಸೀರೆ. ಕಂಪನಿಯೊಳಗೆ ಗಂಡ ಹೆಂಡತಿ ಇಬ್ಬರೂ ಬಣ್ಣ ಹಚ್ಚುವುದು ಸಾಮಾನ್ಯ. ವೇದಿಕೆಯ ಮೇಲೆ ಆಕೆ ಬೇರೊಬ್ಬನ ಹೆಂಡತಿ, ಈತ ಆಕೆಯನ್ನು ಕಾಡುವ ಖಳ. ಆಟ ಮುಗಿದ ಮೇಲೆ ಇಬ್ಬರೂ ಸೇರಿ ಮಲಗಿದ ಮಗುವನ್ನು ಪೆಟ್ಟಿಗೆಗಳ ನಡುವಿನಿಂದ ಎತ್ತಿಕೊಳ್ಳುತ್ತಾರೆ. ಅವರ ಜಾತ್ರೆ ಅದು. ಬನಶಂಕರಿಯಲ್ಲಿ ತಿಂಗಳಿಡೀ ಇದ್ದೂ ತೇರು ನೋಡದವರು ಅವರಲ್ಲಿ ಎಷ್ಟೋ ಜನ.

ಹೋಗುವವರಿಗೆ ನಾಲ್ಕು ಮಾತು. ತೇರಿನ ದಿನ ನಾಟಕದ ಆಸೆ ಇಟ್ಟುಕೊಳ್ಳಬೇಡಿ. ನೂಕುನುಗ್ಗಲಿನಲ್ಲಿ ಕುರ್ಚಿಯೂ ಸಿಗದು, ಹಾಡೂ ಕೇಳದು. ತೇರಾಗಿ ಒಂದು ವಾರ ಬಿಟ್ಟು, ವಾರದ ನಡುವಿನ ದಿನ ಹೋಗಿ. ಹಗಲು ಬಾದಾಮಿಯ ಗುಹೆ, ಅಗಸ್ತ್ಯತೀರ್ಥ ನೋಡಿಕೊಂಡು, ಗುಡಿಯ ಬಳಿ ರೊಟ್ಟಿ ಉಂಡು, ಕತ್ತಲಾಗುವ ಮೊದಲು ಎಲ್ಲ ಥೇಟರುಗಳ ಬೋರ್ಡು ಓದಿ ಬನ್ನಿ. ಹೆಸರು ನೋಡಿ ಮೋಸಹೋಗದೆ, ಯಾವ ಕಂಪನಿಯಲ್ಲಿ ಪೇಟಿ ನುಡಿಸುವವರು ಇದ್ದಾರೆ ಅಂತ ಗೇಟಿನಲ್ಲಿ ವಿಚಾರಿಸಿ. ಕೂಡುವುದಾದರೆ ಪೇಟಿ ಇರುವ ಬದಿಗೆ, ಮೂರನೆಯದೋ ನಾಲ್ಕನೆಯದೋ ಸಾಲು. ಜನವರಿಯ ಚಳಿಯಲ್ಲಿ ಮಲಪ್ರಭೆಯ ಕಡೆಯಿಂದ ಬರುವ ಗಾಳಿಗೆ ತಗಡು ಐಸಾಗುತ್ತದೆ, ಕಂಬಳಿ ಮರೆಯಬೇಡಿ. ಮಕ್ಕಳನ್ನು ಒಂದು ರಾತ್ರಿ ಅಜ್ಜಿಯ ಹತ್ತಿರ ಬಿಟ್ಟು ಹೋಗಿ, ಅವರಿಗಾಗಿ ಮರುವಾರ ಇನ್ನೊಮ್ಮೆ ಬಂದರಾಯಿತು. ಹಾಡು ಹಿಡಿಸಿದರೆ ಸುಮ್ಮನೆ ಕೂಡದೆ ‘ಒನ್ಸ್ ಮೋರ್’ ಅಂತ ಕೂಗಿ. ಕಂಪನಿಯವರಿಗೆ ಆ ಕೂಗು ಟಿಕೆಟ್ಟಿನಷ್ಟೇ ಬೇಕಾಗಿದೆ.